ಹೆಸರು ಸಮೇತ ಒಂದೇ

ಬೆಳಿಗ್ಗೆ ಒಂಬತ್ತೂಕಾಲು. ಅತ್ತಿಗೆ ತಮ್ಮ ಮೇಜಿನ ಮೇಲಿರುವ ಎರಡು ಕಂಪ್ಯೂಟರ್ ಪರದೆಗಳಲ್ಲಿ ಎರಡು ಕೋಷ್ಟಕಗಳನ್ನು ತೆರೆದು, ಡ್ರಾಯರಿನಿಂದ ಒಂದು ರಟ್ಟಿನ ತುಂಡು ತೆಗೆಯುತ್ತಾರೆ. ಶೂ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ಮಾಡಿಕೊಂಡದ್ದು ಅದು. ಅಂಚು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದೆ. ಅದನ್ನು ಪರದೆಗೆ ಒತ್ತಿ ಹಿಡಿದರೆ ಕೋಷ್ಟಕದೊಳಗಿನ ಸಂಖ್ಯೆಗಳೆಲ್ಲ ಮರೆಯಾಗಿ, ಎಡಗಡೆ ಮೇಲಿನಿಂದ ಕೆಳಕ್ಕೆ ಇಳಿದ ಸಾಲುಗಳ ಹೆಸರು, ನೆತ್ತಿಯ ಮೇಲೆ ಅಡ್ಡಕ್ಕೆ ಹರಡಿದ ಕಾಲಮುಗಳ ಹೆಸರು, ಇಷ್ಟೇ ಉಳಿಯುತ್ತವೆ. ಅತ್ತಿಗೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಮೊದಲು ಒಂದು ಪರದೆಯ ಹೆಸರುಗಳನ್ನೂ ಆಮೇಲೆ ಇನ್ನೊಂದರ ಹೆಸರುಗಳನ್ನೂ ಓದುತ್ತಾರೆ. ಆ ಹೊತ್ತಿನಲ್ಲಿ ಫೋನು ಬಡಿದುಕೊಂಡರೂ ಎತ್ತುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿರುವವರು, ಇಂಥ ಹೋಲಿಕೆಯನ್ನು ಕ್ಷಣದಲ್ಲಿ ಮಾಡಿ ಮುಗಿಸುವ ಪ್ರೋಗ್ರಾಮನ್ನು ತಾವೇ ಬರೆದಿಟ್ಟವರು, ಹೀಗೆ ರಟ್ಟು ಹಿಡಿದು ಕೂರುವುದೇಕೆ ಎಂದು ಮೊದಲ ದಿನವೇ ಕೇಳಿದ್ದೆ.

"ಬರೆದವಳು ನಾನೇ ಅಲ್ವಾ, ಅದಕ್ಕೇ" ಎಂದರು.

ಆ ಕಚೇರಿಯಲ್ಲಿ 'ಎರಡೂ ಒಂದೇ' ಎಂಬ ಮಾತನ್ನು ಅವರ ಮುಂದೆ ಯಾರೂ ಸುಲಭವಾಗಿ ಆಡುವುದಿಲ್ಲ. ಆಡಿದರೆ ಅವರು ಕನ್ನಡಕದ ಮೇಲಿನಿಂದ ನೋಡಿ, "ಯಾವುದರಲ್ಲಿ?" ಎನ್ನುತ್ತಾರೆ. ದನಿಯಲ್ಲಿ ಸಿಡುಕಿಲ್ಲ, ವ್ಯಂಗ್ಯವೂ ಇಲ್ಲ. ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದ್ದು. ಒಮ್ಮೆ ಕಾಗದ ಪೂರೈಸುವವನು ಎರಡು ಕಟ್ಟು ತಂದಿಟ್ಟು ಎರಡೂ ಒಂದೇ ಅಮ್ಮಾ ಎಂದನಂತೆ. ಯಾವುದರಲ್ಲಿ ಎಂದು ಇವರು ಕೇಳಿ, ತೂಕ, ಬಣ್ಣ, ಅಳತೆ, ತಯಾರಿಸಿದ ತಿಂಗಳು ಎಂದು ಆತ ಒಂದೊಂದಾಗಿ ನೋಡುತ್ತ ಹೋಗಿ, ಕೊನೆಗೆ ಒಂದು ಕಟ್ಟಿನ ಮೇಲೆ ಬೇರೆ ಕಚೇರಿಯ ವಿಳಾಸವಿದ್ದದ್ದು ತಾನೇ ಕಂಡು, ನಗುತ್ತ ಹೊತ್ತುಕೊಂಡು ಹೋದನಂತೆ.

ಅವರನ್ನು ಎಲ್ಲರೂ ಅತ್ತಿಗೆ ಎನ್ನುವುದಕ್ಕೆ ಕಾರಣ ಸರಳ. ಅವರ ಗಂಡನ ತಂಗಿಯೂ ಅಲ್ಲೇ, ಕಾರಿಡಾರಿನ ಆ ತುದಿಯ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಹನ್ನೆರಡು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದ ನಾದಿನಿ ಮೊದಲ ದಿನವೇ ಕಾರಿಡಾರಿನಲ್ಲಿ ಅತ್ತಿಗೇ ಎಂದು ಕೂಗಿದರು. ವಾರದೊಳಗೆ ಟೈಪಿಸ್ಟು, ಕಾವಲುಗಾರ, ತಿಂಗಳೊಳಗೆ ವಿಭಾಗದ ಮುಖ್ಯಸ್ಥರು ಕೂಡ ಅದನ್ನೇ ಹಿಡಿದರು. ಮುಖ್ಯಸ್ಥರು ಅತ್ತಿಗೆಗಿಂತ ಆರು ವರ್ಷ ದೊಡ್ಡವರು. ಅದರಿಂದ ಯಾರಿಗೂ ತೊಂದರೆಯಾದಂತಿಲ್ಲ.

ಅತ್ತಿಗೆಗೆ ಈಗ ಐವತ್ತನಾಲ್ಕು. ಗಿಡ್ಡ, ಅಗಲವಾದ ಭುಜ. ನಡೆಯುವಾಗ ಎಡಗಾಲು ಅರ್ಧ ಹೆಜ್ಜೆ ಮುಂಚೆ ಹೊರಡುತ್ತದೆ, ಬಲಗಾಲು ಯೋಚನೆ ಮಾಡಿ ಹಿಂಬಾಲಿಸುತ್ತದೆ. ಹಾಗಾಗಿ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿಬರುವ ಅವರ ಸದ್ದು ಕಚೇರಿಗೆಲ್ಲ ಗುರುತು. ಬೇಸಿಗೆಯೊಂದು ಬಿಟ್ಟು ವರ್ಷವಿಡೀ ಕಂದು ಬಣ್ಣದ ಉಣ್ಣೆ ಕೋಟು ತೊಡುತ್ತಾರೆ. ಅದಕ್ಕೆ ಏಳು ಜೇಬು. ಪೆನ್ನು, ಕನ್ನಡಕ, ಬೀಗದ ಕೈ, ಬಸ್ ಕಾರ್ಡು, ಇವಕ್ಕೆ ಗೊತ್ತಾದ ಜಾಗವಿಲ್ಲ, ದಿನಕ್ಕೊಂದು ಜೇಬು. ಆದರೆ ಪ್ರತಿ ಜೇಬಿನ ಬಾಯಿಗೂ ಒಳಗಡೆ ಒಂದೊಂದು ಬಣ್ಣದ ನೂಲು ಹೊಲಿದುಕೊಂಡಿದ್ದಾರೆ, ಬೆಳಿಗ್ಗೆ ಏನು ಯಾವ ಬಣ್ಣಕ್ಕೆ ಹೋಯಿತು ಎಂದು ನೆನಪಿಟ್ಟುಕೊಳ್ಳುತ್ತಾರೆ. ಒಂದೊಂದಕ್ಕೂ ಖಾಯಂ ಒಂದೊಂದು ಜೇಬು ಗೊತ್ತು ಮಾಡಿದರೆ ಆಗದೇ ಎಂದರೆ, ಸಾಲು ಹಿಂದುಮುಂದಾದರೆ ಏನೂ ಕೆಡುವುದಿಲ್ಲ, ಯಾವುದರಲ್ಲಿ ಯಾವುದಿದೆ ಅನ್ನೋದು ಗೊತ್ತಿದ್ದರೆ ಸಾಕು ಎನ್ನುತ್ತಾರೆ.

ಆ ಕಚೇರಿ ನಗರದ ಬಸ್ ಸಂಸ್ಥೆಗೆ ಲೆಕ್ಕ ಹಾಕಿಕೊಡುತ್ತದೆ. ಪ್ರಯಾಣಿಕರು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಯಂತ್ರಕ್ಕೆ ಕಾರ್ಡು ತೋರಿಸುತ್ತಾರೆ. ಆ ಲಕ್ಷಾಂತರ ನಮೂದುಗಳನ್ನು ಸೋಸಿ, ಯಾವ ನಿಲ್ದಾಣದಲ್ಲಿ ಹತ್ತಿದವರು ಯಾವ ನಿಲ್ದಾಣದಲ್ಲಿ ಇಳಿದರು ಎಂಬ ಚೌಕಾಕಾರದ ಕೋಷ್ಟಕ ಮಾಡುವುದು ಇವರ ಕೆಲಸ. ಇವರು ಅದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಹತ್ತಿದ ನಿಲ್ದಾಣಗಳು ಸಾಲುಗಳು, ಇಳಿದ ನಿಲ್ದಾಣಗಳು ಕಾಲಮುಗಳು, ನಡುವಿನ ಒಂದೊಂದು ಮನೆಯಲ್ಲೂ ಒಂದೊಂದು ಸಂಖ್ಯೆ. ಯಾವ ನಿಲ್ದಾಣ ಇರಬೇಕು, ಯಾವುದನ್ನು ತೆಗೆಯಬಹುದು ಎಂದು ಬಸ್ ಸಂಸ್ಥೆ ತೀರ್ಮಾನಿಸುವುದು ಆ ಸಂಖ್ಯೆಗಳನ್ನು ನೋಡಿ. ಆದ್ದರಿಂದ ಪ್ರತಿ ಮುಖ್ಯ ಕೋಷ್ಟಕವನ್ನೂ ಅಲ್ಲಿ ಎರಡು ಸಲ, ಇಬ್ಬರು ಬೇರೆಬೇರೆ ಮಾಡುತ್ತಾರೆ. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ನೋಡಕೂಡದು, ಆ ವಿಷಯ ಮಾತನಾಡಕೂಡದು. ಕೊನೆಗೆ ಎರಡನ್ನೂ ಹೋಲಿಸಬೇಕು. ಒಂದೇ ಆಗಿದ್ದರೆ ಮೊದಲನೆಯವರ ಕೋಷ್ಟಕ ವರದಿಗೆ ಹೋಗುತ್ತದೆ. ಮೊದಲನೆಯ ಕೈ ಅತ್ತಿಗೆ, ಎರಡನೆಯ ಕೈ ನಾದಿನಿ.

ಒಂದೇ ಮನೆಯವರಿಬ್ಬರಿಗೆ ಇದನ್ನು ಹೇಗೆ ಒಪ್ಪಿಸಿದಿರಿ ಎಂದು ಮುಖ್ಯಸ್ಥರನ್ನು ಕೇಳಿದೆ. ಆ ಇಬ್ಬರು ಯಾವ ವಿಷಯಕ್ಕಾದರೂ ಒಪ್ಪಿಕೊಂಡದ್ದನ್ನು ತಾನು ನೋಡಿಯೇ ಇಲ್ಲ, ಹಾಗಾಗಿ ಒಪ್ಪಿಕೊಂಡರೆ ಅದು ನಿಜವೇ ಇರಬೇಕು ಎಂಬುದು ಅವರ ಉತ್ತರ.

ಅತ್ತಿಗೆಯ ಗಂಡನಿಗೆ ಕನ್ನಡಕದ ಅಂಗಡಿ. ಮನೆ ಅಂಗಡಿಯ ಮೇಲೆಯೇ. ಒಂದು ಮಹಡಿಯಲ್ಲಿ ದಂಪತಿ, ಅದರ ಮೇಲೆ ತಂಗಿ. ಊಟ ಒಟ್ಟಿಗೆ. ಹೊಸ ಕೋಷ್ಟಕ ಕೈಗೆ ಬಂದ ದಿನದಿಂದ ಹೋಲಿಕೆಯ ದಿನದವರೆಗೆ ಊಟದ ಮೇಜಿನಲ್ಲಿ ಹವಾಮಾನದ ಮಾತು ಬಿಟ್ಟರೆ ಬೇರೆ ಮಾತಿಲ್ಲವೆಂದು ಆತ ನನಗೆ ಹೇಳಿದರು. ಒಬ್ಬಳು ಅನ್ನ ಕಲಸುತ್ತ ಏನೋ ನೆನಪಾಗಿ ನಕ್ಕರೆ ಇನ್ನೊಬ್ಬಳ ಮುಖ ಗಂಭೀರವಾಗುತ್ತದೆ. ಗಾಜು ಒರೆಸುತ್ತ ಆತ ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: "ನಾನೂ ದಿನಾ ಅದೇ ಕೆಲಸ ಮಾಡೋದು. ಈ ಗಾಜು ಹಾಕ್ತೀನಿ, ಆ ಗಾಜು ಹಾಕ್ತೀನಿ, ಯಾವುದು ಚೆನ್ನಾಗಿ ಕಾಣುತ್ತೆ ಅಂತ ಕೇಳ್ತೀನಿ. ಎರಡೂ ಒಂದೇ ಅಂದ್ರೆ ನನ್ನ ಕೆಲಸ ಮುಗೀತು. ಇವಳಿಗೆ ಹಾಗಂದ್ರೆ ಅಲ್ಲಿಂದ ಶುರು."

ಎರಡು ಕೋಷ್ಟಕಗಳು ಒಂದೇ ಹೌದೋ ಅಲ್ಲವೋ ಎಂದು ಯಂತ್ರವನ್ನು ಕೇಳುವುದು ಹೊರಗಿನವರಿಗೆ ಒಂದು ಗುಂಡಿ ಒತ್ತಿದಷ್ಟೇ ಸುಲಭವಾಗಿ ಕಾಣುತ್ತದೆ. ನಾನೂ ಹಾಗೇ ತಿಳಿದಿದ್ದೆ. ಅತ್ತಿಗೆ ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಟ್ಟು ಹೇಳಿಕೊಟ್ಟರು. ಅವರು ಬಳಸುವ ಭಾಷೆಯಲ್ಲಿ ಹೀಗೆ ಕೇಳಲು ಹಲವು ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಒಂದು ಆಜ್ಞೆ ಮಹಾ ಮಡಿವಂತ. ಮೂರು ಎಂಬುದನ್ನು ಒಂದು ಕಡೆ ಪೂರ್ಣಾಂಕವಾಗಿಯೂ ಇನ್ನೊಂದು ಕಡೆ ದಶಮಾಂಶವುಳ್ಳದ್ದಾಗಿಯೂ ಇಟ್ಟಿದ್ದರೆ, ಮೂರು ಮೂರೇ ಆದರೂ, ಬೇರೆ ಎಂದುಬಿಡುತ್ತದೆ. ಇನ್ನೊಂದು ಸ್ವಲ್ಪ ಉದಾರಿ; ಎಂಟನೇ ದಶಮಾಂಶದ ಆಚೆಯ ವ್ಯತ್ಯಾಸವನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಆದರೆ ಸಾಲು, ಕಾಲಮುಗಳ ಹೆಸರು ಬೇರೆಯಿದ್ದರೆ ಹೇಳುತ್ತದೆ; ಬೇಡವೆಂದರೆ ಸುಮ್ಮನಾಗುತ್ತದೆ. ಮೂರನೆಯದು ಈ ಮನೆಗೆ ಆ ಮನೆ, ಈ ಮನೆಗೆ ಆ ಮನೆ ಎಂದು ಜಾಗಕ್ಕೆ ಜಾಗ ಹೋಲಿಸುತ್ತ ಹೋಗುವುದು. ಅದು ಹೆಸರುಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಎರಡೂ ಕಡೆ ಮನೆ ಖಾಲಿಯಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಅತ್ತಿಗೆಯ ಮುಖ ಅರಳಿತು. ಯಾರಾದರೂ ಅದನ್ನು ಕೇಳಲಿ ಎಂದು ಕಾದಿದ್ದರೇನೋ. ಯಂತ್ರ ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ, ಗೊತ್ತಿಲ್ಲ ಎನ್ನುತ್ತದಂತೆ. "ಸರಿಯಾಗೇ ಹೇಳುತ್ತೆ ನೋಡಿ. ಒಂದು ದಿನ ಯಂತ್ರ ಕೆಟ್ಟಿತ್ತು ಅನ್ನಿ. ಯಾರೂ ಹತ್ತಲಿಲ್ಲ ಅನ್ನೋದು ಬೇರೆ, ಎಷ್ಟು ಜನ ಹತ್ತಿದರೋ ಗೊತ್ತಿಲ್ಲ ಅನ್ನೋದು ಬೇರೆ. ಗೊತ್ತಿಲ್ಲದ್ದು ಎರಡು ಇಟ್ಕೊಂಡು ಒಂದೇ ಅಂತ ಹೇಗೆ ಹೇಳೋದು?" ಖಾಲಿ ಮನೆಗೆ ಸೊನ್ನೆ ತುಂಬಿದವರ ಮೇಲೆ ಅತ್ತಿಗೆ ರೇಗಿದ್ದುಂಟು ಎಂದು ಆಮೇಲೆ ನಾದಿನಿ ಹೇಳಿದರು. ತುಂಬಿದವರು ಯಾರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇವೆಲ್ಲ ಸ್ವಭಾವಗಳನ್ನು ಅರಿತೇ ಅತ್ತಿಗೆ ತಮ್ಮ ಸ್ವಂತದ ಪ್ರೋಗ್ರಾಂ ಬರೆದದ್ದು. ಅದು ಮೊದಲು ಎರಡೂ ಕೋಷ್ಟಕಗಳ ಹೆಸರುಗಳನ್ನು ನೋಡುತ್ತದೆ. ಎರಡರಲ್ಲೂ ಅವವೇ ಹೆಸರುಗಳಿದ್ದು ಸಾಲು ಮಾತ್ರ ಹಿಂದುಮುಂದಾಗಿದ್ದರೆ, ಎರಡನೆಯದನ್ನು ಮೊದಲನೆಯದರ ಕ್ರಮಕ್ಕೆ ತಾನೇ ಜೋಡಿಸಿಕೊಂಡು, ಹೆಸರಿಗೆ ಹೆಸರು ಹಿಡಿದು, ಆಮೇಲೆ ಸಂಖ್ಯೆ ಹೋಲಿಸುತ್ತದೆ. ಎಲ್ಲ ಸರಿಯಿದ್ದರೆ 'ಒಂದೇ, ಹೆಸರು ಸಮೇತ' ಎಂದು ಒಂದು ಸಾಲು ಬರೆದು ನಿಲ್ಲುತ್ತದೆ. ಆ ಪ್ರೋಗ್ರಾಮಿಗೂ ಕಚೇರಿಯವರು ಇಟ್ಟ ಹೆಸರು ಅತ್ತಿಗೆ. ಅತ್ತಿಗೇನ ಓಡಿಸಿದ್ಯಾ, ಅತ್ತಿಗೆ ಏನಂದ್ರು, ಅತ್ತಿಗೆ ಮಧ್ಯದಲ್ಲೇ ನಿಂತುಬಿಟ್ರು ಎಂಬ ಮಾತುಗಳು ಕೋಣೆಯಿಂದ ಕೋಣೆಗೆ ಹಾರುವಾಗ, ನಿಜವಾದ ಅತ್ತಿಗೆ ರಟ್ಟು ಹಿಡಿದು ತಮ್ಮ ಪಾಡಿಗೆ ತಾವು ಕೂತಿರುತ್ತಾರೆ.

ಆದರೆ ಎಲ್ಲರೂ ಅದನ್ನು ಓಡಿಸುತ್ತಿರಲಿಲ್ಲ. ಹೆಸರುಗಳ ವಿಷಯದಲ್ಲಿ ಕಿರಿಕಿರಿ ಬಹಳ. ಒಬ್ಬರು 'ಗೇಟ್' ಎಂದು ಬರೆದಿರುತ್ತಾರೆ, ಇನ್ನೊಬ್ಬರು 'ಗೇಟು' ಎಂದು. ಒಬ್ಬರ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿರುತ್ತದೆ. ಅಷ್ಟಕ್ಕೇ ಪ್ರೋಗ್ರಾಂ ಬೇರೆಬೇರೆ ಎಂದು ನಿಂತುಬಿಡುತ್ತದೆ. ಬೇಸತ್ತವರು ಹೆಸರು ಬಿಟ್ಟು ಸಂಖ್ಯೆಗಳನ್ನಷ್ಟೇ ಹೋಲಿಸಿ ಮನೆಗೆ ಹೋಗುತ್ತಿದ್ದರು. ಹಾಗೆ ಮನೆಗೆ ಹೋಗುವವರಲ್ಲಿ ಮುಖ್ಯಸ್ಥರೂ ಒಬ್ಬರು.

ನಾನು ಆ ಕಚೇರಿಗೆ ಹೋದದ್ದು ಇವರನ್ನು ನೋಡಲು ಅಲ್ಲ. ನಮ್ಮ ಪತ್ರಿಕೆಗೆ ಒಂದು ಕಾಗದ ಬಂದಿತ್ತು. ಬೆಳಗಿನ ಮೊದಲ ಬಸ್ಸು ಗುಡ್ಡದ ಬಳಿ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ನಿಲ್ಲುತ್ತದೆ: ಮೇಲೆ ನೀರಿನ ಟ್ಯಾಂಕು, ಕೆಳಗೆ ಹಳೇ ಅಂಚೆ ಕಚೇರಿ. ಸಮಯ ಉಳಿಸಲು ಎರಡರಲ್ಲಿ ಒಂದನ್ನು, ಕಡಿಮೆ ಜನ ಹತ್ತುವುದನ್ನು, ಕೈಬಿಡಲು ಬಸ್ ಸಂಸ್ಥೆ ಯೋಚಿಸಿತ್ತು. ಕಾಗದ ಬರೆದಾಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸದವರು. ಪಾಳಿ ಆರು ಗಂಟೆಗೆ. ನಮ್ಮ ಸ್ಟಾಪು ತೆಗೆದರೆ ಇನ್ನೊಂದು ಸ್ಟಾಪಿಗೆ ಇನ್ನೂರ ಹನ್ನೆರಡು ಮೆಟ್ಟಿಲು, ಮಂಡಿ ನೋವಿನ ನನ್ನಂಥವಳು ಕತ್ತಲಲ್ಲಿ ಅಷ್ಟನ್ನೂ ದಾಟಿ ಹೊತ್ತಿಗೆ ಸರಿಯಾಗಿ ತಲುಪುವುದು ಆಗದ ಮಾತು, ವಾರಕ್ಕೆ ಮೂರು ದಿನ ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂದು ಬರೆದಿದ್ದರು. ಮೆಟ್ಟಿಲುಗಳು ಆ ಎರಡು ನಿಲ್ದಾಣಗಳ ನಡುವಿನವು. ಅವರು ಹತ್ತಬೇಕೋ ಇಳಿಯಬೇಕೋ ಎಂಬುದನ್ನು ಹೇಳಿರಲಿಲ್ಲ. ಹೆಸರಿಲ್ಲ, ವಿಳಾಸವಿಲ್ಲ. ನಾನು ಆ ಕಾಗದವನ್ನು ಅತ್ತಿಗೆಗೆ ತೋರಿಸಿದಾಗ ಅವರು ಎರಡು ಸಲ ಓದಿ, ಹಿಂದುಮುಂದು ತಿರುಗಿಸಿ ನೋಡಿ, ಯಾವ ಸ್ಟಾಪು ಅಂತ ಬರೆದೇ ಇಲ್ಲವಲ್ಲ ಎಂದು ನಿಟ್ಟುಸಿರಿಟ್ಟರು.

ಆ ಮಾರ್ಗದ ಕೋಷ್ಟಕಕ್ಕೆ ಮೂವತ್ತಾರು ಸಾಲು, ಮೂವತ್ತಾರು ಕಾಲಮು. ಒಟ್ಟು ಸಾವಿರದ ಇನ್ನೂರ ತೊಂಬತ್ತಾರು ಮನೆ. ಬಸ್ ಸಂಸ್ಥೆಯವರ ಸಭೆ ಗುರುವಾರ. ಮಂಗಳವಾರ ಮಧ್ಯಾಹ್ನ ಅತ್ತಿಗೆ, ನಾದಿನಿ ಇಬ್ಬರೂ ತಮ್ಮತಮ್ಮ ಕೋಷ್ಟಕ ಒಪ್ಪಿಸಿದರು. ಮುಖ್ಯಸ್ಥರು ತಾವೇ ಜಾಗಕ್ಕೆ ಜಾಗ ಹೋಲಿಸಿದರು. ಅಷ್ಟೂ ಮನೆಗಳಲ್ಲಿ ಹೌದು, ಹೌದು, ಹೌದು. ಸಂತೋಷದಿಂದ ಹೊರಗೆ ಬಂದು ಇಬ್ಬರಿಗೂ ಕೈಕುಲುಕಿದರು. ಅತ್ತಿಗೆಯ ಕೋಷ್ಟಕವನ್ನು ವರದಿಗೆ ಸೇರಿಸಿಯೂ ಆಯಿತು. ಅದರ ಪ್ರಕಾರ ಹಳೇ ಅಂಚೆ ಕಚೇರಿಯಲ್ಲಿ ದಿನಕ್ಕೆ ಸರಾಸರಿ ಇಪ್ಪತ್ತಮೂರು ಜನ ಹತ್ತುತ್ತಾರೆ, ನೀರಿನ ಟ್ಯಾಂಕಿನಲ್ಲಿ ಇಬ್ಬರು. ಟ್ಯಾಂಕಿನ ನಿಲ್ದಾಣವನ್ನು ಕೈಬಿಡಬಹುದು ಎಂಬ ವಾಕ್ಯವೂ ಟೈಪಾಯಿತು.

ಅರ್ಧ ಗಂಟೆಯ ಮೇಲೆ ಅತ್ತಿಗೆ ತಮ್ಮ ಪ್ರೋಗ್ರಾಂ ಓಡಿಸಿದರು. ಅದು ನಿಂತಿತು. ಹೆಸರಿಗೆ ಹೆಸರು ಜೋಡಿಸಿಕೊಂಡಾಗ ಸಂಖ್ಯೆ ಕೂಡಿ ಬರಲಿಲ್ಲ; ನೋಡಿದರೆ ಹದಿನೇಳು, ಹದಿನೆಂಟನೆಯ ಸಾಲುಗಳ ಹೆಸರು ಬೇರೆ, ಅದೇ ಕಾಲಮುಗಳ ಹೆಸರೂ ಬೇರೆ. ಅತ್ತಿಗೆಯ ಕೋಷ್ಟಕದಲ್ಲಿ ಹದಿನೇಳು ಅಂಚೆ ಕಚೇರಿ, ಹದಿನೆಂಟು ಟ್ಯಾಂಕು. ನಾದಿನಿಯದರಲ್ಲಿ ಹದಿನೇಳು ಟ್ಯಾಂಕು, ಹದಿನೆಂಟು ಅಂಚೆ ಕಚೇರಿ. ಸಂಖ್ಯೆಗಳು ಕೂತ ಜಾಗ ಒಂದೇ. ಅವುಗಳ ಪಕ್ಕದ ಹೆಸರು ಅದಲುಬದಲು. ಹೆಸರಿಗೆ ಹೆಸರು ಹಿಡಿದರೆ ಒಬ್ಬರ ಇಪ್ಪತ್ತಮೂರು ಇನ್ನೊಬ್ಬರಿಗೆ ಎರಡು.

ಮುಖ್ಯಸ್ಥರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅವರು ಕೆಟ್ಟವರಲ್ಲ, ಗುರುವಾರದ ಸಭೆಯನ್ನು ಆಗಲೇ ಎರಡು ಸಲ ಮುಂದೂಡಿ ಬಸ್ ಸಂಸ್ಥೆಯವರಿಂದ ಬೈಸಿಕೊಂಡಿದ್ದವರು.

"ಸಂಖ್ಯೆ ಎಲ್ಲಾ ಕೂಡಿ ಬಂದಿದೆಯಲ್ಲ ಅತ್ತಿಗೆ. ತಲೆಬರಹ ಆಮೇಲೆ ಸರಿ ಮಾಡ್ಕೊಳ್ಳೋಣ."

"ಬಸ್ಸು ನಿಲ್ಲೋದು ತಲೆಬರಹದ ಹತ್ರ ಸಾರ್, ಸಂಖ್ಯೆ ಹತ್ರ ಅಲ್ಲ. ನಾನು ಸಹಿ ಹಾಕಲ್ಲ."

ಹಾಗೆಂದು ಕೋಟು ತೊಟ್ಟುಕೊಂಡರು. ಸಹಿಯಿಲ್ಲದೆ ವರದಿ ಹೋಗುವಂತಿಲ್ಲ. ಅವರಿಗೆ ಒಂದೂವರೆ ದಿನವಿತ್ತು.

ಕಾರ್ಡಿನ ಯಂತ್ರಕ್ಕೆ ನಿಲ್ದಾಣದ ಹೆಸರು ತಿಳಿಯದು. ಹದಿನೇಳನೆಯದು, ಹದಿನೆಂಟನೆಯದು ಎಂದು ಬಸ್ಸು ಹೋಗುವ ಕ್ರಮದ ಅಂಕಿಯಷ್ಟೇ ತಿಳಿಯುತ್ತದೆ. ಅಂಕಿಯ ಮುಂದೆ ಹೆಸರು ಹಚ್ಚುವುದು ಇವರ ಕೆಲಸ. ಅತ್ತಿಗೆ ಅದನ್ನು ಹಚ್ಚಿದ್ದು ಕಚೇರಿಯ ಕಪಾಟಿನಲ್ಲಿದ್ದ ಪಟ್ಟಿ ನೋಡಿ. ನಾದಿನಿಗೆ ಕಪಾಟಿನ ತನಕ ಹೋಗಲು ಸೋಮಾರಿತನ. ಡಿಪೋದ ಗುಮಾಸ್ತರಿಗೆ ಫೋನು ಮಾಡಿ ಬರೆದುಕೊಂಡಿದ್ದರು. ನಿಯಮದಂತೆ ಇಬ್ಬರೂ ಮೊದಲು ತಮ್ಮತಮ್ಮ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿದರು. ತಪ್ಪಿಲ್ಲ. ಡಿಪೋಗೆ ಮತ್ತೆ ಫೋನು ಮಾಡಿದರೆ ಆ ಗುಮಾಸ್ತರು ರಜೆ, ಇನ್ನೊಬ್ಬರು ಎರಡೂ ಕ್ರಮ ಕೇಳಿದ ಹಾಗಿದೆ ಎಂದರು. ಆ ರಾತ್ರಿ ಊಟದ ಮೇಜಿನಲ್ಲಿ ಹವಾಮಾನದ ಮಾತೂ ಇರಲಿಲ್ಲವಂತೆ. ತಟ್ಟೆ ಎತ್ತುವಾಗ ಅತ್ತಿಗೆ, ನಾಳೆ ಬೆಳಿಗ್ಗೆ ಹೋಗಿ ನಿಂತು ನೋಡೋಣ, ನೀನು ಕೆಳಗೆ, ನಾನು ಮೇಲೆ ಎಂದಷ್ಟೇ ಹೇಳಿದರಂತೆ.

ಬುಧವಾರ ಐದೂಕಾಲಿಗೆ ನಾನು ಟ್ಯಾಂಕಿನ ಬಳಿ ಹೋದಾಗ ಅತ್ತಿಗೆ ಆಗಲೇ ಬಂದು ಕಂಬಕ್ಕೆ ಒರಗಿದ್ದರು. ಬೀದಿ ದೀಪದ ಕೆಳಗೆ ಇಬ್ಬರು ಕಾವಲುಗಾರರು. ಐದು ನಿಮಿಷಕ್ಕೆ ಇನ್ನೂ ನಾಲ್ವರು. ಆಮೇಲೆ ಗಲ್ಲಿಗಳಿಂದ ಒಬ್ಬೊಬ್ಬರಾಗಿ, ಟವಲು ಸುತ್ತಿಕೊಂಡವರು, ಬಾಚಣಿಗೆ ಬಾಯಲ್ಲಿ ಕಚ್ಚಿ ಜಡೆ ಹೆಣೆಯುತ್ತ ಬಂದವರು, ಬುತ್ತಿ ಚೀಲದವರು. ಅತ್ತಿಗೆ ಸಣ್ಣ ಚೀಟಿಯಲ್ಲಿ ಗೀಟು ಹಾಕುತ್ತಿದ್ದರು. ಹತ್ತು ದಾಟಿದ ಮೇಲೆ ಅವರ ಹುಬ್ಬು ಮೇಲೇರಿದ್ದು ದೀಪದ ಬೆಳಕಿನಲ್ಲಿ ಕಂಡಿತು. ತಾವು ಸಹಿ ಹಾಕಬೇಕಿದ್ದ ಕೋಷ್ಟಕ ಇಲ್ಲಿ ಇಬ್ಬರು ಎನ್ನುತ್ತಿತ್ತು.

ಗೋಡೆಯ ಕಟ್ಟೆಯ ಮೇಲೆ ಕಾಲು ನೀಡಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ ಹೆಂಗಸೊಬ್ಬರು ಇವರನ್ನೇ ನೋಡುತ್ತಿದ್ದರು. ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ಬಸ್ಸಿನ ಲೆಕ್ಕ ಎಂದರು ಅತ್ತಿಗೆ. ಆ ಹೆಂಗಸು ಕಾಲು ಇಳಿಸಿ ಎದ್ದು ನಿಂತರು.

"ಪೇಪರಿಗೆ ನಾನೇ ಬರೆದಿದ್ದೆ ಮೇಡಂ. ಲಾಂಡ್ರಿ ಕೆಲಸದವಳು."

"ಅಯ್ಯೋ ಅಕ್ಕ, ಸ್ಟಾಪಿನ ಹೆಸರು ಯಾಕೆ ಬರೀಲಿಲ್ಲ?"

"ಬರೆದಿದ್ದೀನಲ್ಲ. ನಮ್ಮ ಸ್ಟಾಪು ಅಂತ."

ಅತ್ತಿಗೆ ಚೀಟಿಯ ನೆತ್ತಿಯಲ್ಲಿ 'ನೀರಿನ ಟ್ಯಾಂಕು' ಎಂದು ಬರೆದುಕೊಂಡರು. ಆಮೇಲೆ ಅವರು ಕೇಳಬೇಕಾದದ್ದನ್ನು ಕೇಳಿದರು: ಬಸ್ಸು ಇಲ್ಲಿಗೆ ಬರುವುದು ಅಂಚೆ ಕಚೇರಿ ಮುಗಿಸಿಯೋ, ಅದಕ್ಕೆ ಮುಂಚೆಯೋ? ಮೊದಲೆಲ್ಲ ಕೆಳಗಿಂದ ಮೇಲಕ್ಕೆ ಬರುತ್ತಿತ್ತು, ಹೋದ ವರ್ಷ ರಸ್ತೆ ಒನ್‌ವೇ ಮಾಡಿದ ಮೇಲೆ ಹಿಂದಿನಿಂದ ಸುತ್ತಿ ಇಲ್ಲಿಗೇ ಮೊದಲು ಬರುತ್ತದೆ, ಆಮೇಲೆ ಕೆಳಗೆ ಎಂದರು ಆಕೆ. ಹೇಳುತ್ತಿರುವಾಗಲೇ ಬಸ್ಸಿನ ದೀಪ ಹಿಂಬದಿಯ ತಿರುವಿನಲ್ಲಿ ಕಾಣಿಸಿತು.

ಅತ್ತಿಗೆ ನಕ್ಕರು. ಹೊಟ್ಟೆಯಿಂದ ಬಂದ ನಗು. ಜಡೆ ಹೆಣೆಯುತ್ತಿದ್ದಾಕೆ ಬಾಚಣಿಗೆ ಬಾಯಿಂದ ತೆಗೆದು ನೋಡಿದರು.

"ಹಾಗಾದ್ರೆ ತಪ್ಪು ನಂದೇ" ಎಂದರು ನನ್ನ ಕಡೆ ತಿರುಗಿ. ಕಪಾಟಿನ ಆ ಪಟ್ಟಿಯನ್ನು ಎರಡು ವರ್ಷದ ಹಿಂದೆ, ಆಗ ಬಸ್ಸು ಹೋಗುತ್ತಿದ್ದ ಕ್ರಮದಲ್ಲಿ, ಒಂದೊಂದು ನಿಲ್ದಾಣಕ್ಕೂ ಹೋಗಿ ಪರಿಶೀಲಿಸಿದವರು ಅವರೇ. ಕೆಳಗೆ ಅವರದೇ ಸಹಿ ಇತ್ತು. ಬೇರೆ ಯಾರ ಸಹಿ ಇದ್ದಿದ್ದರೂ ಅವರು ಇನ್ನೊಮ್ಮೆ ವಿಚಾರಿಸುತ್ತಿದ್ದರು.

ಬಸ್ಸು ಹತ್ತಿದೆವು. ಚೀಟಿಯಲ್ಲಿ ಇಪ್ಪತ್ತನಾಲ್ಕು ಗೀಟು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಎಣಿಸ್ತಿದ್ದೀರಾ ಅಮ್ಮಾ, ನನ್ನನ್ನೂ ಸೇರಿಸ್ಕೊಳ್ಳಿ ಎಂದರು. ಎಲ್ಲಿ ಹತ್ತಿದ್ದು ಎಂದು ಅತ್ತಿಗೆ ಕೇಳಿ, ಡಿಪೋ ಎಂದು ಅವರು ಹೇಳಿ, ಹಾಗಾದರೆ ನೀವು ಒಂದನೇ ಸಾಲು ಎಂದು ಇವರು ಹೇಳಿದ್ದಕ್ಕೆ ಮುಂದಿನ ಸೀಟುಗಳವರೆಲ್ಲ ನಕ್ಕರು. ಕೆಳಗೆ ಅಂಚೆ ಕಚೇರಿಯಲ್ಲಿ ಒಬ್ಬ ಮುದುಕರೂ ಅವರ ಹಿಂದೆ ನಾದಿನಿಯೂ ಹತ್ತಿದರು.

"ಎಷ್ಟಿತ್ತು ಅತ್ತಿಗೆ?"

"ಬರೆದಿದ್ದೀಯಾ? ಮೊದಲು ಚೀಟಿ ಕೊಡು."

ಓಡುವ ಬಸ್ಸಿನಲ್ಲಿ ಇಬ್ಬರೂ ಚೀಟಿ ಬದಲಾಯಿಸಿಕೊಂಡರು. ನಾದಿನಿಯ ಚೀಟಿಯಲ್ಲಿ, 'ಅಂಚೆ ಕಚೇರಿ. ಟ್ಯಾಂಕಿನ ನಂತರ. 1, ನನ್ನನ್ನು ಬಿಟ್ಟು' ಎಂದಿತ್ತು. ಅತ್ತಿಗೆ ಅದನ್ನು ನೋಡಿ ತಲೆದೂಗಿ, ಮಡಿಸಿ, ಕೆಂಪು ನೂಲಿನ ಜೇಬಿಗೆ ಹಾಕಿಕೊಂಡರು. ನಾದಿನಿ ಅತ್ತಿಗೆಯ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಬೆಳಗಾಯಿತು.

"ಹನ್ನೆರಡು ವರ್ಷ ಕಾದಿದ್ದೀನಿ ಅತ್ತಿಗೆ, ನೀವು ತಪ್ಪು ಮಾಡೋದನ್ನ ನೋಡೋಕೆ. ಮಾಡಿದ್ರಿ, ಫೋಟೋ ತೆಗೆಯೋಕೂ ಬೆಳಕಿಲ್ಲದ ಹೊತ್ತಲ್ಲಿ."

"ನಿನ್ನಣ್ಣಂಗೆ ಹೇಳಬೇಡ ಪುಟ್ಟಿ."

"ಫೋನ್ ಮಾಡ್ತಿದ್ದೀನಿ" ಎಂದರು ನಲವತ್ತಾರು ವರ್ಷದ ಪುಟ್ಟಿ, ಆಗಲೇ ಫೋನು ಕಿವಿಗಿಟ್ಟುಕೊಂಡು.

ಕಚೇರಿಗೆ ಬಂದವರೇ ಅತ್ತಿಗೆ ಮಾಡಿದ ಮೊದಲ ಕೆಲಸ, ಕಪಾಟಿನ ಆ ಪಟ್ಟಿಯನ್ನು ಹೊರಗೆ ತೆಗೆದು, ತಮ್ಮ ಹಳೆಯ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ, 'ಹಳೆಯದು. ನಂಬಿದವಳು ನಾನು' ಎಂದು ಬರೆದು ತಾರೀಖು ಹಾಕಿದ್ದು. ಹರಿದು ಬಿಸಾಡಲಿಲ್ಲ. ಮುಖ್ಯಸ್ಥರು ಟೈಪಾಗಿದ್ದ ವಾಕ್ಯವನ್ನು ಹೊಡೆದುಹಾಕಿ, ಇನ್ನು ಮೇಲೆ ಹೆಸರು ಬಿಟ್ಟು ಹೋಲಿಸುವ ಪದ್ಧತಿ ಬೇಡ ಎಂದು ಎಲ್ಲ ಕೋಣೆಗಳಿಗೂ ಚೀಟಿ ಕಳಿಸಿದರು. ತಮ್ಮ ಕೋಣೆಗೂ ಒಂದು ಕಳಿಸಿಕೊಂಡರು ಎಂದು ಟೈಪಿಸ್ಟು ಹೇಳುತ್ತಾರೆ. ಅದು ತಮಾಷೆಯೋ ನಿಜವೋ ನಾನು ವಿಚಾರಿಸಲಿಲ್ಲ.

ಗುರುವಾರದ ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ತಪ್ಪು ಹೇಗಾಯಿತು ಎಂದು ಯಾರೂ ಕೇಳುವ ಮುಂಚೆಯೇ ಅತ್ತಿಗೆ ಎದ್ದು, ಅದು ತಮ್ಮದೆಂದೂ, ಹಿಡಿದದ್ದು ಎರಡನೆಯ ಕೈಯೆಂದೂ ಹೇಳಿ ಕೂತರು. ಮೂರು ವಾಕ್ಯ. ಅಂಚೆ ಕಚೇರಿಯಲ್ಲಿ ಹತ್ತುವ ಇಬ್ಬರ ಗತಿಯೇನು ಎಂದು ಅಧಿಕಾರಿಯೊಬ್ಬರು ಕೇಳಿದಾಗ ಅದಕ್ಕೂ ಅವರಲ್ಲಿ ಉತ್ತರವಿತ್ತು. ಹಿಂದಿನ ಸಂಜೆ ಅಂಚೆ ಕಚೇರಿಯಿಂದ ಮುಂದಿನ ನಿಲ್ದಾಣಕ್ಕೆ ತಮ್ಮದೇ ಕಾಲಿನಲ್ಲಿ, ಆ ಮುದುಕರ ಜೊತೆಗೇ ನಡೆದು ನೋಡಿದ್ದರು: ಸಮತಟ್ಟು ದಾರಿ, ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ವರದಿಯ ಅಡಿಟಿಪ್ಪಣಿಯಲ್ಲಿದೆ, ನಡೆದವರ ವಯಸ್ಸಿನ ಸಮೇತ.

ನನ್ನ ಕೆಲಸದಲ್ಲಿ ನಾನು ಬಹಳ ಕಚೇರಿಗಳನ್ನು ಹೊಕ್ಕಿದ್ದೇನೆ. ಹೆಚ್ಚಿನವುಗಳಲ್ಲಿ ಇಂಥವರೊಬ್ಬರು ಇರುತ್ತಾರೆ, ಕೆಲಸ ಮುಗಿಯಿತು ಎಂದು ಎಲ್ಲರೂ ಏಳುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳುವವರು. ಅವರನ್ನು ಸಹಿಸುವುದು ಕಷ್ಟವೆಂದು ಸಹೋದ್ಯೋಗಿಗಳು ಪ್ರೀತಿಯಿಂದಲೇ ದೂರುತ್ತಾರೆ. ಅವರನ್ನು ಅನುಮಾನದ ಪ್ರಾಣಿಗಳೆಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಅನುಮಾನದವರು ತಮ್ಮನ್ನು ಹೊರಗಿಟ್ಟು ಊರನ್ನು ಪರೀಕ್ಷಿಸುತ್ತಾರೆ. ಇವರು ಪರೀಕ್ಷೆಯನ್ನು ತಮ್ಮ ತಲೆಯ ಮೇಲೂ ಬೀಳುವ ಹಾಗೆ ಕಟ್ಟಿ, ಅದು ಬಿದ್ದ ದಿನ ಬಿದ್ದಿತಲ್ಲ ಎಂದು ಖುಷಿಪಡುತ್ತಾರೆ. ಒಂದು ಸಂಖ್ಯೆಯ ಪಕ್ಕದ ಹೆಸರಿನ ಹಿಂದೆ ಒಂದು ಕಟ್ಟೆ, ಒಂದು ದೀಪದ ಕಂಬ, ಕಾಲು ನೀಡಿ ಕೂತ ಒಬ್ಬ ವ್ಯಕ್ತಿ ಇದ್ದಾರೆಂಬುದು ಇವರಿಗೆ ಹೋಗಿ ನೋಡುವ ಮೊದಲೇ ಗೊತ್ತಿರುತ್ತದೆ. ಹೋಗಿ ನೋಡುವುದು ಹೆಸರು ತಿಳಿಯಲು.

ಮುಂದಿನ ತಿಂಗಳ ಮೊದಲ ಸೋಮವಾರದಿಂದ ಮೊದಲ ಬಸ್ಸು ಹಳೇ ಅಂಚೆ ಕಚೇರಿಯ ಬಳಿ ನಿಲ್ಲುವುದಿಲ್ಲ. ನೀರಿನ ಟ್ಯಾಂಕಿಗೆ ಎಂದಿನಂತೆ ಐದು ನಲವತ್ತಕ್ಕೆ ಬರುತ್ತದೆ, ಆಸ್ಪತ್ರೆಯ ಗೇಟನ್ನು ಐದು ಐವತ್ತಾರಕ್ಕೆ ತಲುಪುತ್ತದೆ.